ಇಂಡಿಯ ಬಾವಿಯಿಂದ ಇಂಗ್ಲಿಷ್ ಕಡಲ್ಗಾಲುವೆಯವರೆಗೆ

ನೀರು ತಣ್ಣಗಿದೆಯೆಂದು ಹೇಳುವುದು ಸುಲಭ. ಎಷ್ಟು ತಣ್ಣಗಿದೆಯೆಂದು ಹೇಳುವುದು ಕಷ್ಟ. ಕಾರವಾರದ ಕಡಲಿನಲ್ಲಿ ಮಿಂದವನಿಗೆ ತಣ್ಣೀರೆಂದರೆ ಒಂದು ಬಗೆ. ಹರಿದ್ವಾರದಲ್ಲಿ ಗಂಗೆಗೆ ಇಳಿದವನಿಗೆ ಇನ್ನೊಂದು ಬಗೆ. ಇಂಗ್ಲೆಂಡಿನ ಡೋವರ್ ದಂಡೆಯಲ್ಲಿ ಅಲೆಗೆ ಕಾಲಿಟ್ಟವನಿಗೆ ಮತ್ತೊಂದು ಬಗೆ. ಈಸಾಡುವವನಿಗೆ ಎಂಥ ನೀರು ಹಿತ, ಎಂಥ ನೀರು ಅಪಾಯ ಎಂಬ ಪ್ರಶ್ನೆ ಕಡಲ ತೀರದವರಿಗೆ ಮಾತ್ರ ಸಂಬಂಧಿಸಿದ್ದೆಂದು ತೋರಬಹುದು. ಆದರೆ ಅದರ ಉತ್ತರದ ಮೊದಲ ಪಾಠ ದೊರೆಯುವುದು ಕಡಲ ಗಾಳಿಯೂ ಸುಳಿಯದ ಬಯಲುಸೀಮೆಯಲ್ಲಿ, ವಿಜಯಪುರ ಜಿಲ್ಲೆಯ ಕಲ್ಲು ಕಟ್ಟಿದ ಬಾವಿಗಳಲ್ಲಿ.

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಈ ಮೂರು ಹೊಳೆಗಳ ನಡುವಣ ಕರಿಮಣ್ಣಿನ ಬಯಲಿನಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿವೆ. ಬೇಸಗೆಯಲ್ಲಿ ಇಲ್ಲಿನ ಬಿಸಿಲು ೪೦ ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಅಪರೂಪವಲ್ಲ. ಮಾಗಿಯ ಬೆಳಗಿನಲ್ಲಿ ಅದೇ ನೆಲದ ಮೇಲೆ ಕಂಬಳಿ ಹೊದೆಯದೆ ಕೂಡಲಾಗದಂಥ ಚಳಿ. ಅಂಥ ಒಂದು ಮಾಗಿಯ ಮುಂಜಾವಿನಲ್ಲಿ ಇಂಡಿಯ ಲಿಂಬೆಯ ತೋಟದ ಬಾವಿಯನ್ನು ಇಣುಕಿ ನೋಡಿದರೆ ನೀರಿನ ಮೇಲೆ ತೆಳುವಾದ ಹಬೆಯಾಡುತ್ತಿರುತ್ತದೆ. ಮನೆಯೊಳಗಿನ ಹರವಿಯ ನೀರು ಬೆರಳು ಅದ್ದಲಾಗದಷ್ಟು ತಣ್ಣಗಿರುವಾಗ, "ತಮ್ಮಾ, ಹರವಿ ನೀರು ಮುಟ್ಟಬ್ಯಾಡ, ಬಾವಿಗೆ ಹೋಗಿ ಜಳಕಾ ಮಾಡಿ ಬಾ, ಅಲ್ಲಿ ನೀರು ಬೆಚ್ಚಗಿರ್ತದ" ಎಂದು ಮನೆಯ ಹಿರಿಯರು ಮಕ್ಕಳನ್ನು ಕಳಿಸುವುದುಂಟು. ಅದೇ ಹಿರಿಯರು ವೈಶಾಖದ ಮಧ್ಯಾಹ್ನ ಅದೇ ಬಾವಿಯನ್ನು ತೋರಿಸಿ, "ಅಲ್ಲಿ ತಣ್ಣಗದ" ಎನ್ನುತ್ತಾರೆ. ಹಾಗಾದರೆ ಬಾವಿಯು ಚಳಿಗಾಲದಲ್ಲಿ ನೀರನ್ನು ಕಾಯಿಸಿ, ಬೇಸಗೆಯಲ್ಲಿ ಆರಿಸುವುದೆ?

ಬಾವಿ ಅಂಥ ಯಾವ ಕೆಲಸವನ್ನೂ ಮಾಡುವುದಿಲ್ಲ. ಆಳದ ನೀರು ಎರಡೂ ಕಾಲದಲ್ಲಿ ಹೆಚ್ಚು ಕಡಿಮೆ ಒಂದೇ ಉಷ್ಣತೆಯಲ್ಲಿರುತ್ತದೆ. ಬದಲಾಗುವುದು ಅದನ್ನು ಮುಟ್ಟುವ ಮೈ.

ಕೈಯ ಸಾಕ್ಷ್ಯ

ಇದನ್ನು ಯಾವ ಮನೆಯಲ್ಲಾದರೂ ಮಕ್ಕಳಿಗೆ ಮಾಡಿ ತೋರಿಸಬಹುದು. ಮೂರು ಬೋಗುಣಿಗಳಲ್ಲಿ ನೀರು ತುಂಬಬೇಕು: ಒಂದರಲ್ಲಿ ಕೈ ತಾಳುವಷ್ಟು ಬಿಸಿನೀರು, ಇನ್ನೊಂದರಲ್ಲಿ ಹರವಿಯ ತಣ್ಣೀರು, ನಡುವಿನದರಲ್ಲಿ ಉಗುರುಬೆಚ್ಚಗಿನ ನೀರು. ಬಲಗೈಯನ್ನು ಬಿಸಿನೀರಿನಲ್ಲಿ, ಎಡಗೈಯನ್ನು ತಣ್ಣೀರಿನಲ್ಲಿ ಎರಡು ನಿಮಿಷ ಅದ್ದಿಟ್ಟು, ಅನಂತರ ಎರಡನ್ನೂ ಒಟ್ಟಿಗೆ ನಡುವಿನ ಬೋಗುಣಿಗೆ ಇಳಿಸಿದರೆ ಬಲಗೈ ಆ ನೀರನ್ನು ತಣ್ಣಗೆಂದು ಹೇಳುತ್ತದೆ, ಎಡಗೈ ಬಿಸಿಯೆಂದು ಹೇಳುತ್ತದೆ. ಒಂದೇ ನೀರು, ಒಂದೇ ದೇಹದ ಎರಡು ಕೈಗಳು, ಎರಡು ಸಾಕ್ಷ್ಯಗಳು. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಹದಿನೇಳನೆಯ ಶತಮಾನದ ಕೊನೆಯಲ್ಲಿಯೇ ಈ ಸೋಜಿಗವನ್ನು ಎತ್ತಿ ಹೇಳಿದ್ದನು. ನಮ್ಮ ಚರ್ಮ ಉಷ್ಣಮಾಪಕವಲ್ಲ. ಉಷ್ಣತೆ ಎಷ್ಟಿದೆಯೆಂಬುದಕ್ಕಿಂತ ಎಷ್ಟು ಬದಲಾಯಿತೆಂಬುದನ್ನು ಅದು ಹೆಚ್ಚು ಚುರುಕಾಗಿ ಗ್ರಹಿಸುತ್ತದೆ. ಆದುದರಿಂದಲೇ ಮಾಗಿಯ ಚಳಿಯಲ್ಲಿ ನಡುಗುತ್ತ ಬಂದವನಿಗೆ ಬಾವಿಯ ನೀರು ಬೆಚ್ಚಗೆ. ಬಿಸಿಲಿನಲ್ಲಿ ಬೆಂದು ಬಂದವನಿಗೆ ಅದೇ ನೀರು ತಂಪು.

ಬಾವಿಯ ಗುಟ್ಟು

ಇನ್ನು ನೀರಿನ ಉಷ್ಣತೆ ಬದಲಾಗದಿರುವುದೇಕೆ? ಇದರ ಗುಟ್ಟು ನೆಲದಲ್ಲಿದೆ. ನೆಲದ ಮೇಲ್ಮೈ ಹಗಲಿನಲ್ಲಿ ಕಾದು ಇರುಳಿನಲ್ಲಿ ಆರುತ್ತದೆ. ಆದರೆ ಮಣ್ಣು ಮತ್ತು ಬಂಡೆಗಳಲ್ಲಿ ಶಾಖವು ಬಲು ನಿಧಾನವಾಗಿ ಇಳಿಯುತ್ತದೆ. ಹಗಲಿರುಳಿನ ಏರಿಳಿತ ಒಂದು ಮೀಟರಿನೊಳಗೇ ಅಡಗಿಹೋಗುತ್ತದೆ. ವರ್ಷದ ಏರಿಳಿತವೂ ಸುಮಾರು ಹತ್ತು ಮೀಟರಿನ ಆಳದಲ್ಲಿ ಹೆಚ್ಚು ಕಡಿಮೆ ಇಲ್ಲವಾಗುತ್ತದೆ. ಅಲ್ಲಿ ಉಳಿಯುವುದು ಆ ಊರಿನ ಇಡೀ ವರ್ಷದ ಸರಾಸರಿ ಉಷ್ಣತೆ. ವಿಜಯಪುರದ ಸೀಮೆಯಲ್ಲಿ ಈ ಸರಾಸರಿ ಸುಮಾರು ೨೬, ೨೭ ಡಿಗ್ರಿ. ಬಂಡೆಯ ಸೆಲೆಗಳಿಂದ ಒಸರಿ ಬರುವ ಬಾವಿಯ ನೀರು ಈ ಅಂಕಿಯ ಆಸುಪಾಸಿನಲ್ಲಿಯೇ ಇರುತ್ತದೆ. ಮಾಗಿಯ ಮುಂಜಾವಿನ ಗಾಳಿ ಅದಕ್ಕಿಂತ ಹತ್ತು ಡಿಗ್ರಿಗೂ ಹೆಚ್ಚು ತಣ್ಣಗಿರುವುದರಿಂದ ನೀರಿನಿಂದ ಏಳುವ ಆವಿ ಕೂಡಲೇ ಸಣ್ಣ ಹನಿಗಳಾಗಿ ಮಂಜಿನಂತೆ ಕಾಣಿಸುತ್ತದೆ. ಹಬೆಯೆಂದು ನಾವು ಕರೆಯುವುದು ಇದನ್ನೇ.

ಇಲ್ಲಿ ಒಂದು ಸ್ವಾರಸ್ಯವಿದೆ. ಒಲಿಂಪಿಕ್ ಸ್ಪರ್ಧೆಯ ಈಜುಕೊಳದ ನೀರು ೨೫ರಿಂದ ೨೮ ಡಿಗ್ರಿಯೊಳಗೆ ಇರತಕ್ಕದ್ದೆಂದು ಅಂತರರಾಷ್ಟ್ರೀಯ ಈಜು ಸಂಸ್ಥೆಯ ನಿಯಮ. ಅದಕ್ಕಾಗಿ ದೊಡ್ಡ ನಗರಗಳಲ್ಲಿ ಯಂತ್ರಗಳನ್ನು ಇಟ್ಟು ನೀರನ್ನು ಕಾಯಿಸುತ್ತಾರೆ, ಇಲ್ಲವೆ ಆರಿಸುತ್ತಾರೆ. ಇಂಡಿಯ, ಸಿಂದಗಿಯ ರೈತನ ಬಾವಿ ಯಾವ ಯಂತ್ರವೂ ಇಲ್ಲದೆ, ಒಂದು ಕಾಸಿನ ಖರ್ಚೂ ಇಲ್ಲದೆ, ವರ್ಷದ ಹನ್ನೆರಡು ತಿಂಗಳೂ ಅದೇ ಉಷ್ಣತೆಯನ್ನು ಕಾಯ್ದುಕೊಂಡು ಬಂದಿದೆ.

ಇಂಥ ಬಾವಿಗಳ ಹಿರಿಯಣ್ಣಂದಿರನ್ನು ವಿಜಯಪುರ ನಗರದಲ್ಲಿಯೇ ನೋಡಬಹುದು. ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ, ೧೫೭೯ರಲ್ಲಿ ಚಾಂದ್ ಬಾವಡಿ ಸಿದ್ಧವಾಯಿತು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಳ ಹೆಸರಿನ ತಾಜ್ ಬಾವಡಿ ೧೬೨೦ರಲ್ಲಿ ಮೈದಾಳಿತು. ಕುಡಿಯುವ ನೀರಿಗಾಗಿ ಕಟ್ಟಿದ ಈ ಬಾವಡಿಗಳ ಪಾವಟಿಗೆಗಳನ್ನು ಇಳಿಯುತ್ತಿದ್ದಂತೆ ಬಿಸಿಲಿನ ಝಳ ಹಿಂದುಳಿದು ನೆಲದ ತಂಪು ಮುಖಕ್ಕೆ ಬಡಿಯುತ್ತದೆ. ದಣಿದು ಬಂದ ಪ್ರಯಾಣಿಕರು ಇವುಗಳ ಪಕ್ಕದ ಕಮಾನುಗಳಡಿಯಲ್ಲಿ ಆಸರೆ ಪಡೆಯುತ್ತಿದ್ದುದು ಸಹಜವೇ ಆಗಿತ್ತು.

ಹೊಳೆಯ ನಡತೆ ಬೇರೆ

ಬಾವಿಯಂತೆ ಹೊಳೆ ಸ್ಥಿರಚಿತ್ತದ್ದಲ್ಲ. ತೆಳುವಾಗಿ ಹರಡಿ ಹರಿಯುವ ನೀರು ಗಾಳಿ ಬಿಸಿಲುಗಳಿಗೆ ಮೈಯೊಡ್ಡಿರುತ್ತದೆ. ಆದುದರಿಂದ ಅದರ ಉಷ್ಣತೆ ಆಯಾ ದಿನಗಳ ಹಗಲಿರುಳಿನ ಸರಾಸರಿಯನ್ನು ಹಿಂಬಾಲಿಸುತ್ತದೆ. ಮಕರ ಸಂಕ್ರಮಣದಂದು ಕೃಷ್ಣೆಯಲ್ಲಿ ಮೀಯಲು ಸೇರುವ ಜನ ಕಾಣುವ ನೀರು ಬಾವಿಯ ನೀರಿಗಿಂತ ನಾಲ್ಕೈದು ಡಿಗ್ರಿ ತಣ್ಣಗಿರುವುದು ಇದರಿಂದಲೇ. ಮಲಪ್ರಭೆ ಕೃಷ್ಣೆಯನ್ನು ಕೂಡುವ ಕೂಡಲಸಂಗಮದಲ್ಲಾಗಲಿ, ಆಚೆಯ ದಡದಲ್ಲಿ ಮುದ್ದೇಬಿಹಾಳದ ಕಡೆಗಿರುವ, ನೀಲಾಂಬಿಕೆಯ ಐಕ್ಯಸ್ಥಳವಾದ ತಂಗಡಗಿಯಲ್ಲಾಗಲಿ, ಆ ದಿನ ಮುಳುಗಿ ಎದ್ದವರ ಹಲ್ಲು ಕಟಕಟಿಸುವುದಕ್ಕೆ ನೀರಿನಷ್ಟೇ ಗಾಳಿಯೂ ಕಾರಣ. ಒದ್ದೆ ಮೈಯಿಂದ ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಅದು ಸುಮಾರು ೫೮೦ ಕ್ಯಾಲರಿ ಶಾಖವನ್ನು ಕೊಂಡೊಯ್ಯುತ್ತದೆ. ಮಣ್ಣಿನ ಹರವಿಯನ್ನು ತಂಪಾಗಿಡುವ ಒಣಗಾಳಿಯೇ ದಡಕ್ಕೆ ಬಂದವನನ್ನೂ ನಡುಗಿಸುತ್ತದೆ.

ನಡುವಣ ಡೋಣಿಯದು ಸವಳು ನೀರು. ಅದು ಉಕ್ಕಿ ಹರಿದು ತನ್ನ ದಡದ ಎರೆಭೂಮಿಯನ್ನು ನೆನೆಸಿದರೆ ಓಣಿಯೆಲ್ಲ ಜೋಳವೆಂಬ ಮಾತು ಈ ಸೀಮೆಯಲ್ಲಿ ಮನೆಮಾತು. ಬೆಳೆಗೆ ಅದು ವರ. ಈಸಾಡುವವನಿಗೆ ಅದರ ಕೆಸರು ದಡ ಅಷ್ಟೇನೂ ಸ್ನೇಹಪರವಲ್ಲ.

ಕಡಲು ತಡವಾಗಿ ಕಾಯುತ್ತದೆ

ಈಗ ಕಡಲಿನ ಕಡೆಗೆ ಹೊರಳೋಣ. ಒಂದು ಘನ ಮೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖದಿಂದ ಮೂರು ಸಾವಿರಕ್ಕೂ ಹೆಚ್ಚು ಘನ ಮೀಟರ್ ಗಾಳಿಯನ್ನು ಅಷ್ಟೇ ಬಿಸಿ ಮಾಡಬಹುದು. ಇಷ್ಟು ಶಾಖವನ್ನು ನುಂಗುವ ಕಡಲು ಬೇಗ ಕಾಯುವುದೂ ಇಲ್ಲ, ಬೇಗ ಆರುವುದೂ ಇಲ್ಲ. ಇಂಗ್ಲೆಂಡಿನಲ್ಲಿ ಹಗಲು ಅತಿ ದೀರ್ಘವಾಗಿರುವುದು ಜೂನ್ ತಿಂಗಳಲ್ಲಿ. ಆದರೆ ಅಲ್ಲಿನ ಕಡಲು ಅತಿ ಬೆಚ್ಚಗಿರುವುದು ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ. ಡಿಸೆಂಬರಿನಲ್ಲಿ ಸೂರ್ಯ ಅತಿ ಕೆಳಗಿದ್ದರೂ ಕಡಲು ಅತಿ ತಣ್ಣಗಾಗುವುದು ಫೆಬ್ರವರಿ, ಮಾರ್ಚ್‌ಗಳಲ್ಲಿ. ಋತು ಮುಂದೆ ಮುಂದೆ, ಕಡಲು ಎರಡು ತಿಂಗಳು ಹಿಂದೆ ಹಿಂದೆ.

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಇಂಗ್ಲಿಷ್ ಕಡಲ್ಗಾಲುವೆಯ ಉಷ್ಣತೆ ಬೇಸಗೆಯ ತುತ್ತತುದಿಯಲ್ಲಿಯೂ ೧೬ರಿಂದ ೧೮ ಡಿಗ್ರಿ. ಚಳಿಗಾಲದ ಕೊನೆಯಲ್ಲಿ ೭, ೮ ಡಿಗ್ರಿ. ನಮ್ಮ ಕಾರವಾರದ, ಮಲ್ಪೆಯ ಕಡಲು ವರ್ಷದುದ್ದಕ್ಕೂ ೨೬ರಿಂದ ೩೦ ಡಿಗ್ರಿಯ ಸುತ್ತ ಸುಳಿಯುವುದನ್ನು ನೆನೆದರೆ ಈ ಅಂತರದ ಅರಿವಾಗುತ್ತದೆ. ಅಲ್ಲಿನ ಕಡಲಿನ ಅತಿ ಬೆಚ್ಚಗಿನ ದಿನದ ನೀರು ಇಂಡಿಯ ಬಾವಿಯ ನೀರಿಗಿಂತ ಸುಮಾರು ಹತ್ತು ಡಿಗ್ರಿ ತಣ್ಣಗಿರುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯದ ತೀರದಲ್ಲಿ ಇನ್ನೂ ಒಂದು ವೈಚಿತ್ರ್ಯ. ಕನ್ನಡದ ಅನೇಕ ಕುಟುಂಬಗಳು ನೆಲೆಸಿರುವ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನಲ್ಲಿ ನೆಲದ ಮೇಲೆ ಹೊಂಬಿಸಿಲು. ಕಡಲಿನಲ್ಲಿ ಬೇಸಗೆಯಲ್ಲಿಯೂ ನೀರು ೧೨ರಿಂದ ೧೫ ಡಿಗ್ರಿ. ಉತ್ತರದಿಂದ ಇಳಿದು ಬರುವ ತಣ್ಣನೆಯ ಪ್ರವಾಹ ಇದಕ್ಕೆ ಒಂದು ಕಾರಣ. ವಸಂತ, ಗ್ರೀಷ್ಮಗಳಲ್ಲಿ ಬೀಸುವ ಗಾಳಿ ಮೇಲಿನ ಬೆಚ್ಚಗಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಅದರ ಸ್ಥಾನಕ್ಕೆ ಆಳದ ಶೀತಲ ಜಲ ಉಕ್ಕಿ ಬರುತ್ತದೆ. ಇದು ಎರಡನೆಯ ಕಾರಣ. ಮಗನ ಮನೆಗೆಂದು ಹೋದ ನಮ್ಮ ತಂದೆತಾಯಿಗಳು ಬಿಸಿಲನ್ನು ಕಂಡು ನಂಬಿ ಆ ನೀರಿಗೆ ಕಾಲಿಟ್ಟೊಡನೆ ಬೆಚ್ಚಿ ಹಿಂದೆ ಸರಿಯುವುದರಲ್ಲಿ ಆಶ್ಚರ್ಯವಿಲ್ಲ. ಬಿಸಿಲು ಗಾಳಿಯ ವಿಷಯವನ್ನು ಹೇಳುತ್ತದೆ; ನೀರಿನ ವಿಷಯವನ್ನು ಹೇಳುವುದಿಲ್ಲ.

ನೀರು ಶಾಖವನ್ನು ಕಸಿಯುವ ಬಗೆ

ಹದಿನೈದು ಡಿಗ್ರಿಯ ಗಾಳಿಯಲ್ಲಿ ಮನುಷ್ಯ ಒಂದು ಉಣ್ಣೆಯ ಅಂಗಿ ತೊಟ್ಟು ಸುಖವಾಗಿ ನಡೆದಾಡುತ್ತಾನೆ. ಹದಿನೈದು ಡಿಗ್ರಿಯ ನೀರು ಅವನ ಪ್ರಾಣಕ್ಕೆ ಕುತ್ತಾಗಬಲ್ಲದು. ನೀರು ಗಾಳಿಗಿಂತ ಸುಮಾರು ೨೫ ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಬರಿಮೈಯಲ್ಲಿ ಅಲುಗಾಡದೆ ಮುಳುಗಿ ಕುಳಿತವನು ಶಾಖವನ್ನು ಕಳೆದುಕೊಳ್ಳದೆ ಇರಬೇಕಾದರೆ ನೀರು ೩೩ರಿಂದ ೩೫ ಡಿಗ್ರಿಯಷ್ಟು ಇರಬೇಕು. ಬಾವಿಯ ೨೭ ಡಿಗ್ರಿಯ ನೀರೂ ಮೆಲ್ಲಮೆಲ್ಲನೆ ನಮ್ಮ ಶಾಖವನ್ನು ಕದಿಯುತ್ತಿರುತ್ತದೆ. ಹೊತ್ತಿನ ಪರಿವೆಯಿಲ್ಲದೆ ಈಸಾಡಿದ ಮಕ್ಕಳು ತುಟಿ ನೀಲಿಗಟ್ಟಿ, ಬೆರಳು ಸುಕ್ಕುಗಟ್ಟಿ ಮೇಲೆ ಬರುವ ದೃಶ್ಯ ಯಾವ ತಾಯಿಗೂ ಹೊಸದಲ್ಲ. ಮಕ್ಕಳ ಮೈಯ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ಆದುದರಿಂದ ಅವರು ದೊಡ್ಡವರಿಗಿಂತ ಬೇಗ ಆರುತ್ತಾರೆ.

ನೀರು ೧೫ ಡಿಗ್ರಿಗಿಂತ ಕೆಳಗಿಳಿದಾಗ ಅಪಾಯದ ಸ್ವರೂಪವೇ ಬೇರೆಯಾಗುತ್ತದೆ. ತಣ್ಣೀರಿನಲ್ಲಿ ಸಾಯುವವರೆಲ್ಲ ಮೈ ಮರಗಟ್ಟಿ ಸಾಯುತ್ತಾರೆಂದು ಬಹುಕಾಲ ನಂಬಲಾಗಿತ್ತು. ದೇಹದ ಒಳಗಿನ ಉಷ್ಣತೆ ೩೭ ಡಿಗ್ರಿಯಿಂದ ೩೫ಕ್ಕಿಂತ ಕೆಳಗೆ ಇಳಿಯಲು ದೊಡ್ಡವರಲ್ಲಿ ಸಾಮಾನ್ಯವಾಗಿ ಅರ್ಧ ತಾಸಾದರೂ ಬೇಕು. ಆದರೆ ಅನೇಕರು ಮೊದಲ ಎರಡು ಮೂರು ನಿಮಿಷಗಳಲ್ಲಿಯೇ ಮುಳುಗುತ್ತಾರೆ. ಚರ್ಮ ಒಮ್ಮೆಲೇ ತಣ್ಣಗಾದಾಗ ಮನುಷ್ಯ ತನ್ನ ಇಚ್ಛೆಯನ್ನು ಮೀರಿ ದೊಡ್ಡದೊಂದು ಉಸಿರನ್ನು ಎಳೆದುಕೊಳ್ಳುತ್ತಾನೆ. ಆ ಕ್ಷಣ ಬಾಯಿ ನೀರಿನೊಳಗಿದ್ದರೆ ಎಳೆದುಕೊಳ್ಳುವುದು ಗಾಳಿಯನ್ನಲ್ಲ, ನೀರನ್ನು. ಅನಂತರ ಏದುಸಿರು; ಹೃದಯದ ಬಡಿತವೂ ರಕ್ತದ ಒತ್ತಡವೂ ಒಮ್ಮೆಲೇ ಏರುತ್ತವೆ. ಇದನ್ನು ವೈದ್ಯರು ಶೀತಾಘಾತವೆಂದು ಗುರುತಿಸಿದ್ದಾರೆ. ಈ ಆಘಾತ ಎರಡು ಮೂರು ನಿಮಿಷಗಳಲ್ಲಿ ತಾನೇ ಇಳಿಯುತ್ತದೆ. ಆ ತನಕ ಈಸಲು ಹೆಣಗದೆ, ಅಂಗಾತ ತೇಲುತ್ತ ಉಸಿರು ತಹಬಂದಿಗೆ ಬರುವವರೆಗೆ ಕಾಯುವುದೇ ಜಾಣತನ. ಅದು ಕಳೆದ ಮೇಲೆಯೂ ತೀರ ತಣ್ಣನೆಯ ನೀರಿನಲ್ಲಿ ಹತ್ತು ಹದಿನೈದು ನಿಮಿಷಗಳೊಳಗೆ ಕೈಕಾಲುಗಳ ಕಸುವು ಕುಂದತೊಡಗುತ್ತದೆ. ಒಳ್ಳೆಯ ಈಜುಗಾರನಿಗೂ ಇದರಿಂದ ವಿನಾಯಿತಿಯಿಲ್ಲ.

ಈ ಮಾತು ನಮ್ಮವರಿಗೆ ನಿರುಪಯುಕ್ತವೆಂದು ತಿಳಿಯಬಾರದು. ಬದರಿ, ಗಂಗೋತ್ರಿಗಳ ಯಾತ್ರೆಗೆ ಈ ಭಾಗದಿಂದಲೂ ಜನ ಹೋಗುತ್ತಾರೆ. ಹಿಮ ಕರಗಿ ಬಂದ ಆ ನೀರಿನಲ್ಲಿ ವಯಸ್ಸಾದವರು, ಹೃದಯದ ಬೇನೆಯಿರುವವರು ಒಮ್ಮೆಲೇ ಮುಳುಗು ಹಾಕುವುದು ಕ್ಷೇಮಕರವಲ್ಲ. ಮೊದಲು ಕಾಲು, ಅನಂತರ ಕೈ, ಮುಖಗಳನ್ನು ತೋಯಿಸಿಕೊಂಡು, ಒಂದು ತಂಬಿಗೆಯಿಂದ ನೀರು ಹೊಯ್ದುಕೊಂಡರೆ ಪುಣ್ಯಕ್ಕೇನೂ ಕೊರತೆಯಾಗದು.

ತಣ್ಣನೆಯ ಕಡಲನ್ನು ಗೆದ್ದವರು

ಹೀಗಿದ್ದೂ ಮನುಷ್ಯ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಸಿ ದಾಟಿದ್ದಾನೆ. ಅತಿ ಕಿರಿದಾದ ಕಡೆಯಲ್ಲಿಯೂ ಅದರ ಅಗಲ ಸುಮಾರು ೩೩ ಕಿಲೋಮೀಟರ್. ೧೮೭೫ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಎಂಬ ಇಂಗ್ಲಿಷ್ ನಾವಿಕನು ಮೈಗೆ ಎಣ್ಣೆ ಬಳಿದುಕೊಂಡು ೨೧ ತಾಸು ೪೫ ನಿಮಿಷಗಳಲ್ಲಿ ಮೊದಲು ಅದನ್ನು ದಾಟಿದನು. ೧೯೫೮ರ ಆಗಸ್ಟ್‌ನಲ್ಲಿ ಆಗಿನ ಪೂರ್ವ ಪಾಕಿಸ್ತಾನದ ಬ್ರಜೇನ್ ದಾಸ್, ಸೆಪ್ಟೆಂಬರ್ ೨೭ರಂದು ಭಾರತದ ಮಿಹಿರ್ ಸೇನ್ ಈ ಸಾಹಸವನ್ನು ಸಾಧಿಸಿದರು. ವಕೀಲಿ ವಿದ್ಯೆಗಾಗಿ ಲಂಡನ್ನಿಗೆ ಹೋಗಿದ್ದ ಸೇನರು ಮೊದಲ ಯತ್ನಗಳಲ್ಲಿ ಸೋತರೂ ಎದೆಗುಂದದೆ, ಕೊನೆಗೆ ೧೪ ತಾಸು ೪೫ ನಿಮಿಷಗಳಲ್ಲಿ ಆಚೆಯ ದಡ ಸೇರಿದರು. ಅವರು ೧೯೬೬ರಲ್ಲಿ ಭಾರತಕ್ಕೂ ಸಿಂಹಳಕ್ಕೂ ನಡುವಣ ಪಾಕ್ ಜಲಸಂಧಿಯನ್ನೂ ದಾಟಿದರು.

ಮರುವರ್ಷವೇ, ೧೯೫೯ರಲ್ಲಿ, ಕಲಕತ್ತೆಯ ಆರತಿ ಸಾಹಾ ಎಂಬ ಹತ್ತೊಂಬತ್ತರ ಹರೆಯದ ತರುಣಿ ಅದೇ ನೀರಿಗೆ ಇಳಿದಳು. ಆಗಸ್ಟಿನ ಮೊದಲ ಯತ್ನದಲ್ಲಿ ಇಂಗ್ಲೆಂಡಿನ ದಡ ಕೆಲವೇ ಮೈಲಿ ದೂರವಿದ್ದಾಗ ಪ್ರವಾಹಕ್ಕೆ ಸೋತು ಹಿಂದಿರುಗಬೇಕಾಯಿತು. ಸೆಪ್ಟೆಂಬರ್ ೨೯ರಂದು ಮತ್ತೆ ಇಳಿದು ೧೬ ತಾಸು ೨೦ ನಿಮಿಷಗಳಲ್ಲಿ ದಾಟಿ, ಆ ಕಡಲ್ಗಾಲುವೆಯನ್ನು ಗೆದ್ದ ಏಷ್ಯಾದ ಮೊದಲ ಮಹಿಳೆಯಾದಳು. ೧೯೬೦ರಲ್ಲಿ ಪದ್ಮಶ್ರೀ ಪ್ರಶಸ್ತಿ ಆಕೆಯನ್ನು ಅರಸಿಕೊಂಡು ಬಂದಿತು.

ಬಂಗಾಳದ ಬೆಚ್ಚಗಿನ ಕೊಳಗಳಲ್ಲಿ ಬೆಳೆದ ಮೈ ಅಂಥ ನೀರಿಗೆ ಒಗ್ಗಿದ್ದು ಹೇಗೆ? ಅಭ್ಯಾಸದಿಂದ. ತಣ್ಣೀರಿನಲ್ಲಿ ಎರಡು ಮೂರು ನಿಮಿಷದಂತೆ ಐದಾರು ಸಲ ಇಳಿದೇಳುವುದರಿಂದಲೇ ಶೀತಾಘಾತದ ತೀವ್ರತೆ ಅರ್ಧದಷ್ಟು ತಗ್ಗುವುದೆಂದು ಶರೀರಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಮಿಕ್ಕದ್ದನ್ನು ದುಡಿಯುವ ಸ್ನಾಯುಗಳ ಶಾಖ, ಚರ್ಮದಡಿಯ ಕೊಬ್ಬು, ಜೊತೆಯ ದೋಣಿಯಿಂದ ಆಗಾಗ ದೊರೆಯುವ ಬಿಸಿ ಪಾನೀಯ ನೋಡಿಕೊಳ್ಳುತ್ತವೆ. ಆ ದೋಣಿಯಲ್ಲಿ ಸದಾ ಕಣ್ಣಿಟ್ಟು ಕುಳಿತ ಕಾವಲುಗಾರರಿರುತ್ತಾರೆ ಎಂಬುದನ್ನು ಮರೆಯಲಾಗದು. ತಣ್ಣನೆಯ ಕಡಲಿಗೆ ಯಾವ ಸಾಹಸಿಯೂ ಒಬ್ಬಂಟಿಯಾಗಿ ಇಳಿಯುವುದಿಲ್ಲ.

ಬೆಚ್ಚಗಿನ ನೀರಿನ ಮೌನ

ಇಲ್ಲಿಯೇ ನಮ್ಮ ಬಯಲುಸೀಮೆಗೆ ಮುಖ್ಯವಾದ ಮಾತು ಬರುತ್ತದೆ. ತಣ್ಣನೆಯ ಕಡಲು ತನ್ನ ಅಪಾಯವನ್ನು ತಾನೇ ಕೂಗಿ ಹೇಳುತ್ತದೆ. ಕಾಲಿಟ್ಟವನು ಹಿಂದೆಗೆಯುತ್ತಾನೆ, ಯೋಚಿಸುತ್ತಾನೆ, ಜೊತೆಗಾರನನ್ನು ಕರೆಯುತ್ತಾನೆ. ಬೆಚ್ಚಗಿನ ನೀರು ಏನನ್ನೂ ಹೇಳುವುದಿಲ್ಲ. ಅದು ಕರೆಯುತ್ತದೆ, ಅಷ್ಟೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೧ರಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬಡ ಹಾಗೂ ಮಧ್ಯಮ ಆದಾಯದ ದೇಶಗಳವರು. ಸುಮಾರು ಕಾಲು ಪಾಲು ಐದು ವರ್ಷದೊಳಗಿನ ಕೂಸುಗಳು. ಭಾರತದಲ್ಲಿ ೨೦೨೨ರಲ್ಲಿ ಸರಕಾರದ ದಾಖಲೆಗೆ ಬಂದವರೇ ೩೮ ಸಾವಿರಕ್ಕೂ ಹೆಚ್ಚು. ಈ ಸಾವುಗಳಲ್ಲಿ ಬಹುಪಾಲು ಹಿಮದ ಕಡಲಿನಲ್ಲಿ ಆದುವಲ್ಲ. ಬೆಚ್ಚಗಿನ, ಪರಿಚಿತವಾದ, ಮನೆಯ ಹತ್ತಿರದ ನೀರಿನಲ್ಲಿ ಆದುವು. ಈ ಕಾರಣದಿಂದಲೇ ವಿಶ್ವಸಂಸ್ಥೆ ೨೦೨೧ರಲ್ಲಿ ಜುಲೈ ೨೫ನೆಯ ದಿನವನ್ನು ಮುಳುಗುಸಾವು ತಡೆಯುವ ದಿನವೆಂದು ಘೋಷಿಸಿತು.

ವಿಜಯಪುರದ ನಾಲ್ಕು ತಾಲೂಕುಗಳ ನೀರಿನ ಚಿತ್ರ ಎರಡು ತಲೆಮಾರಿನಲ್ಲಿ ಪೂರ್ತಿ ಬದಲಾಗಿದೆ. ೧೯೬೪ರ ಮೇ ೨೨ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟಾಗ ಆ ಊರು ಬಸವನ ಬಾಗೇವಾಡಿಯ ತಾಲೂಕಿನಲ್ಲಿತ್ತು. ಈಗ ಅದು ನಿಡಗುಂದಿ ತಾಲೂಕಿಗೆ ಸೇರಿದೆ. ೨೦೦೬ರ ಆಗಸ್ಟ್ ೨೧ರಂದು ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಜಲಾಶಯವನ್ನು ನಾಡಿಗೆ ಅರ್ಪಿಸಿದರು. ೫೧೯.೬೦ ಮೀಟರ್ ಮಟ್ಟದವರೆಗೆ ತುಂಬಿದಾಗ ಅದರಲ್ಲಿ ಸುಮಾರು ೧೨೩ ಟಿ.ಎಂ.ಸಿ. ನೀರು ನಿಲ್ಲುತ್ತದೆ. ಕೆಳಗಡೆ ನಾರಾಯಣಪುರದ ಬಸವಸಾಗರದ ಹಿನ್ನೀರು ಮುದ್ದೇಬಿಹಾಳದ ಸೀಮೆಯನ್ನು ಮುಟ್ಟಿದೆ. ಅದರ ಎಡದಂಡೆಯಿಂದ ಕವಲೊಡೆದ ಕಾಲುವೆ ಇಂಡಿಯ ಹೆಸರನ್ನೇ ಹೊತ್ತಿದೆ. ಬರಗಾಲಕ್ಕೆ ಹೆಸರಾಗಿದ್ದ ನೆಲಕ್ಕೆ ನೀರು ಬಂದುದು ಭಾಗ್ಯವೇ ಸರಿ. ಆದರೆ ಇದು ಬಾವಿಯ ನೀರಲ್ಲ.

ಬಾವಿಯ ನೀರು ನಿಂತ ನೀರು. ಅದರ ಆಳ, ಅಗಲ, ಪಾವಟಿಗೆ, ಒಳಗಿನ ಕಲ್ಲು ಯಾವುದೂ ಊರಿನವರಿಗೆ ಹೊಸದಲ್ಲ. ಮೇಲೆ ದಂಡೆಯಲ್ಲಿ ಯಾರಾದರೂ ಹಿರಿಯರು ಇದ್ದೇ ಇರುತ್ತಿದ್ದರು. ಬೆನ್ನಿಗೆ ಬೆಂಡನ್ನೋ ಒಣಗಿದ ಸೋರೆಯ ಬುರುಡೆಯನ್ನೋ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಮಾವನೋ ಅಣ್ಣನೋ ಮಕ್ಕಳನ್ನು ನೀರಿಗೆ ಬಿಡುತ್ತಿದ್ದರು. ದಿನಗಳೆದಂತೆ ಬೆಂಡು ಒಂದೊಂದೇ ಕಡಿಮೆಯಾಗಿ, ಬೇಸಗೆ ಮುಗಿಯುವಷ್ಟರಲ್ಲಿ ಹುಡುಗ ಈಸು ಕಲಿತಿರುತ್ತಿದ್ದ. ಕೊಳವೆಬಾವಿಗಳು ಬಂದ ಮೇಲೆ ತೆರೆದ ಬಾವಿಗಳು ಬಹಳ ಕಡೆ ಬತ್ತಿದವು. ಕೆಲವು ಕಸ ತುಂಬಿ ಮುಚ್ಚಿಹೋದವು. ಶಾಲೆಯಂತಿದ್ದ ಬಾವಿ ಹೋಯಿತು. ಪರೀಕ್ಷೆಯಂತಿರುವ ಕಾಲುವೆ ಬಂದಿತು.

ಕಾಲುವೆಯ ಇಳಿಜಾರು ಗೋಡೆಗೆ ಸಿಮೆಂಟಿನ ಹೊದಿಕೆ. ಅದರ ಮೇಲೆ ಪಾಚಿ. ಇಳಿದವನು ಹತ್ತಲಾರ. ಹೊರಗಿನಿಂದ ಶಾಂತವಾಗಿ ಕಾಣುವ ನೀರು ಒಳಗೆ ಸೆಳೆಯುತ್ತಿರುತ್ತದೆ. ಬೆಳೆಗೆಂದು ತೋಡಿದ ಕೃಷಿಹೊಂಡಗಳಲ್ಲಿ ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದಾಗ ಎಣ್ಣೆಯಂತೆ ಜಾರುತ್ತದೆ. ನಾಲ್ಕು ಮಾರು ಅಗಲದ ಹೊಂಡದಿಂದಲೂ ಈಸು ಬಲ್ಲವನು ಮೇಲೆ ಬರಲಾರದೆ ಹೋಗಬಹುದು. ಆಳವಾದ ಜಲಾಶಯಗಳಲ್ಲಿ ಬೇಸಗೆಯಲ್ಲಿ ಮೇಲಿನ ಪದರ ಕಾದು ಹಗುರಾಗಿ ಮೇಲೆಯೇ ನಿಲ್ಲುತ್ತದೆ. ಕೆಳಗೆ ತಣ್ಣನೆಯ ಪದರ ಉಳಿಯುತ್ತದೆ. ಮೇಲಿನ ಬೆಚ್ಚಗಿನ ನೀರನ್ನು ನಂಬಿ ಧುಮುಕಿದವನನ್ನು ಕೆಳಗಿನ ತಂಪು ಬೆಚ್ಚಿಬೀಳಿಸುತ್ತದೆ. ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ಮೇಲಿನಿಂದ ನೀರು ಬಿಟ್ಟಾಗ ಮೊಣಕಾಲಿನ ನೀರು ಸ್ವಲ್ಪ ಹೊತ್ತಿನಲ್ಲಿ ಎದೆಯ ಮಟ್ಟಕ್ಕೆ ಏರಬಲ್ಲದು.

ಮಾಡಬೇಕಾದದ್ದು

ಇದಕ್ಕೆ ಮದ್ದು ಮಕ್ಕಳನ್ನು ನೀರಿನಿಂದ ದೂರವಿಡುವುದಲ್ಲ. ನೀರು ಮನೆಯ ಬಾಗಿಲಿಗೇ ಬಂದಿರುವಾಗ ಅದು ಸಾಧ್ಯವೂ ಅಲ್ಲ. ಹುಡುಗರಿಗೂ ಹುಡುಗಿಯರಿಗೂ, ಇಬ್ಬರಿಗೂ, ಈಸು ಕಲಿಸಬೇಕು. ಹುಡುಗಿಗೇಕೆ ಈಸೆಂದು ಕೇಳುವವರು ಆರತಿ ಸಾಹಾಳನ್ನು ನೆನೆಯಬಹುದು. ಕಾಲುವೆಯಲ್ಲಿ ಬಟ್ಟೆ ಒಗೆಯಲು ಕೂಡುವವರಲ್ಲಿ ಹೆಂಗಸರೇ ಹೆಚ್ಚೆಂಬುದನ್ನೂ ನೆನೆಯಬಹುದು. ಒಳ್ಳೆಯ ಬಾವಿ ಉಳಿದಿರುವ ಊರಿನಲ್ಲಿ ಅದರ ಹೂಳೆತ್ತಿ, ಪಾವಟಿಗೆ ಸರಿಪಡಿಸಿ, ಬೇಸಗೆಯ ರಜೆಯಲ್ಲಿ ಹಿರಿಯರ ಕಣ್ಣಳತೆಯಲ್ಲಿ ಮಕ್ಕಳಿಗೆ ಕಲಿಸುವುದು ಹೆಚ್ಚು ಖರ್ಚಿನ ಕೆಲಸವಲ್ಲ. ಕೃಷಿಹೊಂಡಕ್ಕೆ ಬೇಲಿಯಿರಲಿ, ದಡದ ಗೂಟಕ್ಕೆ ಬಿಗಿದ, ಗಂಟುಗಂಟಾದ ಒಂದು ಹಗ್ಗ ಸದಾ ನೀರಿನವರೆಗೆ ಇಳಿಬಿದ್ದಿರಲಿ.

ಯಾರಾದರೂ ಮುಳುಗುತ್ತಿರುವುದನ್ನು ಕಂಡಾಗ ಕರುಳು ಮಿಡಿದು ಹಿಂದೆಯೇ ಹಾರುವುದು ಸಹಜ; ಆದರೆ ಒಬ್ಬರ ಬದಲು ಇಬ್ಬರು ಹೋಗುವುದು ಹೀಗೆಯೇ. ಮೊದಲು ಕೂಗಿ ಜನರನ್ನು ಕರೆಯಬೇಕು. ಅನಂತರ ಕೋಲು ಚಾಚಬೇಕು. ಧೋತರವನ್ನೋ ಸೀರೆಯನ್ನೋ ಹಗ್ಗವನ್ನೋ ಎಸೆಯಬೇಕು. ಬಾಯಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ಕೊಡವೂ ಒಂದು ಜೀವವನ್ನು ತೇಲಿಸಬಲ್ಲದು. ಮೇಲೆ ತಂದವನನ್ನು ತಲೆಕೆಳಗಾಗಿ ತೂಗುವುದು, ಹೊಟ್ಟೆಯನ್ನು ಒತ್ತಿ ನೀರು ತೆಗೆಯುವುದು ನಮ್ಮಲ್ಲಿ ರೂಢಿ. ಇದರಿಂದ ಹೊತ್ತು ಹಾಳಾಗುತ್ತದೆ. ಹೊಟ್ಟೆಯ ನೀರು ಶ್ವಾಸಕ್ಕೆ ಸೇರುವ ಅಪಾಯವೂ ಇದೆ. ಅವನಿಗೆ ಬೇಕಾದದ್ದು ಉಸಿರು. ಉಸಿರಾಟ ನಿಂತಿದ್ದರೆ ಅಂಗಾತ ಮಲಗಿಸಿ, ಗದ್ದವನ್ನೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಯಿಟ್ಟು ಗಾಳಿ ಊದಬೇಕು. ಅನಂತರ ಎದೆಯ ನಡುವೆ ಬಲವಾಗಿ, ಬೇಗಬೇಗ ಒತ್ತುತ್ತ, ನಡುನಡುವೆ ಗಾಳಿ ಊದುತ್ತ ವೈದ್ಯರ ನೆರವು ಬರುವ ತನಕ ಬಿಡದೆ ನಡೆಸಬೇಕು. ಇದನ್ನು ಪ್ರೌಢಶಾಲೆಯ ಮಕ್ಕಳೂ ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು.

ನೀರಿನ ಉಷ್ಣತೆಯನ್ನು ಅಳೆಯಲು ಒಂದು ಉಷ್ಣಮಾಪಕ ಸಾಕು. ಅದರ ಆಳವನ್ನು, ಸೆಳೆತವನ್ನು, ದಡದ ಜಾರಿಕೆಯನ್ನು ಅಳೆಯಲು ತಿಳಿವಳಿಕೆ ಬೇಕು. ಇಂಗ್ಲಿಷ್ ಕಡಲ್ಗಾಲುವೆಯ ಈಜುಗಾರನ ಬಳಿ ಒಂದು ದೋಣಿ, ಅದರಲ್ಲಿ ಎಚ್ಚತ್ತ ಕಣ್ಣುಗಳು ಇರುತ್ತವೆ. ಆಲಮಟ್ಟಿಯ ಹಿನ್ನೀರಿನಲ್ಲಿ, ಇಂಡಿಯ ಕಾಲುವೆಯಲ್ಲಿ, ಸಿಂದಗಿಯ ಹೊಲದ ಹೊಂಡದಲ್ಲಿ ಆಟವಾಡುವ ಮಗುವಿಗೆ ಆ ದೋಣಿ ದಡದಲ್ಲಿ ನಿಂತ ತಾಯಿತಂದೆಯರೇ.